ಬೀಲೈನ್ ಯಾರದ್ದು? ರಷ್ಯಾದ ಒಂದು ಮೊಬೈಲ್ ಕಂಪನಿ ಬೆಳೆದದ್ದು, ಕೈ ಬದಲಾಯಿಸಿದ್ದು

ಸಿಗ್ನಲ್_ಭಟ್ (ಭಾನುವಾರ, ಬೆಳಿಗ್ಗೆ 6.50)

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು ನಾನು. ರಿಟೈರ್ ಆದ ಮೇಲೆ ಬೇರೆ ದೇಶದ ಫೋನ್ ಕಂಪನಿಗಳ ಕಥೆ ಓದುವ ಹುಚ್ಚು ಹತ್ತಿದೆ. ಅದರಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ರಷ್ಯಾದ ವಿಂಪೆಲ್‌ಕಾಮ್. ಅಲ್ಲಿನ ಜನ ಅದನ್ನು ಬೀಲೈನ್ ಅಂತಲೇ ಕರೆಯುತ್ತಾರೆ. ಉದ್ದ ಆಗುತ್ತದೆ, ಬಿಡುವು ಮಾಡಿಕೊಂಡು ಓದಿ.

ಮಾಸ್ಕೋ ಹತ್ತಿರ ಸೋಫ್ರಿನೋ ಅಂತ ಒಂದು ಊರಿದೆ. ಅಲ್ಲಿ ಕಾಡಿನ ನಡುವೆ ಒಂದು ದೈತ್ಯ ಕಟ್ಟಡ ನಿಂತಿದೆ. ತುದಿ ಕತ್ತರಿಸಿದ ಪಿರಮಿಡ್ ಇದ್ದ ಹಾಗೆ. ನಾಲ್ಕೂ ಗೋಡೆಯ ಮೇಲೆ ಒಂದೊಂದು ದುಂಡನೆಯ ಆಂಟೆನಾ. ಅದು ದೋನ್-2ಎನ್ ರೇಡಾರ್. ಶತ್ರುಗಳ ಕ್ಷಿಪಣಿ ಮಾಸ್ಕೋ ಕಡೆ ಬಂದರೆ ಅದರ ಮೇಲೆ ಕಣ್ಣಿಡುವುದು ಅದರ ಕೆಲಸ. ಅದನ್ನು ರೂಪಿಸಿದ ಎಂಜಿನಿಯರುಗಳಲ್ಲಿ ಒಬ್ಬರು ದ್ಮಿತ್ರಿ ಜಿಮಿನ್. ಹುಟ್ಟಿದ್ದು 1933ರಲ್ಲಿ. ಅವರು ಎಳೆ ಮಗುವಾಗಿದ್ದಾಗಲೇ ತಂದೆಯನ್ನು ಸ್ಟಾಲಿನ್ ಕಾಲದ ಪೊಲೀಸರು ಹಿಡಿದುಕೊಂಡು ಹೋದರು. ತಂದೆ ಶಿಬಿರದಲ್ಲೇ ತೀರಿಕೊಂಡರು.

1991ರಲ್ಲಿ ಸೋವಿಯತ್ ದೇಶವೇ ಇಲ್ಲವಾಯಿತು. ರಕ್ಷಣಾ ಸಂಸ್ಥೆಗಳಿಗೆ ಬರುತ್ತಿದ್ದ ಹಣ ನಿಂತುಹೋಯಿತು. ರೇಡಿಯೋ ವಿದ್ಯೆಯಲ್ಲಿ ಪಳಗಿದ ಸಾವಿರಾರು ಜನ ಸುಮ್ಮನೆ ಕೂತರು. ಜಿಮಿನ್‌ಗೆ ಆಗ ಹತ್ತಿರ ಹತ್ತಿರ ಅರವತ್ತು. ನಮ್ಮಲ್ಲಿ ಪೆನ್ಷನ್ ಕಾಗದಕ್ಕೆ ಓಡಾಡುವ ವಯಸ್ಸು. ಅವರು 1992ರಲ್ಲಿ ಇನ್ನೂ ಮೂವತ್ತು ತುಂಬದ ಅಮೆರಿಕದ ಹುಡುಗ ಆಗಿ ಫಬೇಲಾ ಜೊತೆ ಸೇರಿ ಮೊಬೈಲ್ ಕಂಪನಿ ಶುರು ಮಾಡಿದರು. ಹುಡುಗನ ಮನೆಯವರ ಕಂಪನಿ ಸಣ್ಣ ಮೊಬೈಲ್ ಸ್ಟೇಷನ್‌ಗಳನ್ನು ತಯಾರಿಸುತ್ತಿತ್ತು. ಜಿಮಿನ್ ಆಗ ಇದ್ದ ರಕ್ಷಣಾ ಸಂಸ್ಥೆಯ ಹೆಸರು ವಿಂಪೆಲ್. ಹಡಗಿನ ಕಂಬಕ್ಕೆ ಕಟ್ಟುವ ಉದ್ದನೆಯ ಪತಾಕೆ ಅಂತ ಅರ್ಥ. ಅದಕ್ಕೆ ಒಂದು 'ಕಾಮ್' ಸೇರಿಸಿದರು. ಜನರಿಗೆ ಮಾರುವ ಹೆಸರಿಗೆ ಜೇನುಹುಳ ಬಂತು.

ತಾಂತ್ರಿಕವಾಗಿ ನೋಡಿದರೆ ಅವರ ಕೈಯಲ್ಲಿದ್ದದ್ದು ಸೋಲುವ ಎಲೆ. ಅಮೆರಿಕದ ಅನಲಾಗ್ ವ್ಯವಸ್ಥೆ ಅವರದ್ದು. ಎದುರಾಳಿ ಎಂಟಿಎಸ್ 1994ರಲ್ಲೇ ಮಾಸ್ಕೋದಲ್ಲಿ ಜಿಎಸ್‌ಎಂ ಅನ್ನುವ ಡಿಜಿಟಲ್ ವ್ಯವಸ್ಥೆ ಶುರು ಮಾಡಿತ್ತು. ಎಂಟಿಎಸ್ ಹಿಂದೆ ಮಾಸ್ಕೋದ ಟೆಲಿಫೋನ್ ಜಾಲ, ಜರ್ಮನಿಯ ಡಾಯ್ಚೆ ಟೆಲಿಕಾಮ್, ಸೀಮೆನ್ಸ್ ಇದ್ದವು. ಜಿಮಿನ್ ಹಿಂದೆ ಅಂಥ ದೊಡ್ಡವರು ಯಾರೂ ಇರಲಿಲ್ಲ. ಹಾಗಾಗಿ ಹಣಕ್ಕೆ ದೂರ ಹೋಗಬೇಕಾಯಿತು. 1996ರ ನವೆಂಬರಿನಲ್ಲಿ ವಿಂಪೆಲ್‌ಕಾಮ್ ಷೇರು ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜಿಗೆ ಬಂತು. 1903ರ ನಂತರ ಅಲ್ಲಿಗೆ ಬಂದ ಮೊದಲ ರಷ್ಯನ್ ಕಂಪನಿ ಅದು. ನಡುವೆ ಒಂದು ಕ್ರಾಂತಿ, ಎರಡು ಮಹಾಯುದ್ಧ ಕಳೆದಿದ್ದವು ನೋಡಿ.

ಎರಡೇ ವರ್ಷಕ್ಕೆ ಏಟು ಬಿತ್ತು. 1998ರ ಆಗಸ್ಟಿನಲ್ಲಿ ರೂಬಲ್ ಕುಸಿಯಿತು. ಗಿರಾಕಿಗಳ ಕೈಯಲ್ಲಿ ದುಡ್ಡಿಲ್ಲ, ಕಂಪನಿಯ ಸಾಲ ಡಾಲರಿನಲ್ಲಿ. ಆಗ ಕೈ ಹಿಡಿದದ್ದು ನಾರ್ವೆಯ ಟೆಲಿನಾರ್. ಡಿಸೆಂಬರಿನಲ್ಲಿ ಸುಮಾರು 16 ಕೋಟಿ ಡಾಲರ್ ಕೊಟ್ಟು ಕಾಲು ಭಾಗಕ್ಕಿಂತ ಒಂದು ಚೂರು ಜಾಸ್ತಿ ಪಾಲು ತಗೊಂಡಿತು. 2001ರಲ್ಲಿ ಇನ್ನೊಬ್ಬರು ಬಂದರು. ರಷ್ಯಾದ ಉದ್ಯಮಿ ಮಿಖಾಯಿಲ್ ಫ್ರಿದ್‌ಮನ್ ಅವರ ಆಲ್ಫಾ ಗುಂಪು. ಅವರದ್ದೂ ಅಷ್ಟೇ, ಕಾಲು ಭಾಗಕ್ಕಿಂತ ತುಸು ಜಾಸ್ತಿ. ಜಿಮಿನ್ ಅದೇ ವರ್ಷ ಅಧಿಕಾರ ಬಿಟ್ಟುಕೊಟ್ಟರು.

ಕಟ್ಟಿದವರು ಎದ್ದು ಹೋದ ಮನೆಯಲ್ಲಿ ಎರಡು ಬೀಗ ಉಳಿಯಿತು. ಎರಡರ ಕೀಲಿಯೂ ಬೇರೆ ಬೇರೆಯವರ ಹತ್ತಿರ. ಮುಂದಿನ ಇಪ್ಪತ್ತು ವರ್ಷ ಕಂಪನಿ ಎತ್ತ ಹೋಯಿತು ಅನ್ನೋದನ್ನು ಟವರ್, ಟೆಕ್ನಾಲಜಿಗಿಂತ ಈ ಎರಡು ಕೀಲಿಗಳೇ ನಿರ್ಧರಿಸಿದವು ಅಂತ ನನ್ನ ಅಭಿಪ್ರಾಯ. ಉಳಿದದ್ದು ಸಂಜೆ ಬರೆಯುತ್ತೇನೆ.


ಕೊಡಚಾದ್ರಿ_ಸಿಎಸ್ (ಬೆಳಿಗ್ಗೆ 8.15)

ಭಟ್ರೇ, ತುಂಬಾ ಚೆನ್ನಾಗಿದೆ. ನಾನು ಕಂಪನಿ ಸೆಕ್ರೆಟರಿ. ಆ "ಕಾಲು ಭಾಗಕ್ಕಿಂತ ಒಂದು ಚೂರು ಜಾಸ್ತಿ" ಅನ್ನೋದರಲ್ಲೇ ಇಡೀ ವಿಷಯ ಇದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಂಪನಿಯ ನಿಯಮಾವಳಿ ತಿದ್ದಬೇಕು, ಇನ್ನೊಂದು ಕಂಪನಿ ಜೊತೆ ಸೇರಿಸಬೇಕು ಅಂದರೆ ಸಾಮಾನ್ಯ ಬಹುಮತ ಸಾಲದು. ಮತ ಹಾಕುವವರಲ್ಲಿ ನಾಲ್ಕರಲ್ಲಿ ಮೂರು ಪಾಲು ಒಪ್ಪಬೇಕು. ರಷ್ಯಾದಲ್ಲೂ ಹಾಗೇ, ನಮ್ಮ ವಿಶೇಷ ನಿರ್ಣಯವೂ ಹಾಗೇ. ಅಂದರೆ ಒಬ್ಬನ ಹತ್ತಿರ 25 ಪರ್ಸೆಂಟಿನ ಮೇಲೆ ಒಂದೇ ಒಂದು ಷೇರು ಇದ್ದರೆ ಸಾಕು. ಅವನಿಂದ ಏನನ್ನೂ ಮಾಡಿಸಲು ಆಗಲ್ಲ, ಆದರೆ ದೊಡ್ಡ ವಿಷಯ ಯಾವುದನ್ನು ಬೇಕಾದರೂ ತಡೆಯಬಹುದು.

ನನ್ನ ಕಕ್ಷಿದಾರರ ಒಂದು ಅಡಿಕೆ ವ್ಯಾಪಾರದ ಕಂಪನಿ ಇತ್ತು. ಅಣ್ಣ ತಮ್ಮಂದಿರು ಮೂವರು. ಕಿರಿಯವನ ಹೆಸರಲ್ಲಿ 26 ಪರ್ಸೆಂಟ್. ಹೊಸ ಘಟಕಕ್ಕಾಗಿ ಕಂಪನಿಯ ನಿಯಮ ತಿದ್ದಬೇಕಿತ್ತು. ಕಿರಿಯವನು ಪ್ರತಿ ಸಭೆಗೂ ಬಂದು, ಕಾಫಿ ಕುಡಿದು, "ನನ್ನದು ಬೇಡ" ಅಂತ ಬರೆದು ಎದ್ದು ಹೋಗುತ್ತಿದ್ದ. ನಾಲ್ಕು ವರ್ಷ ಹೀಗೇ ನಡೆಯಿತು. ಆ ಸಭೆಗಳ ನಡಾವಳಿ ಬರೆದವಳು ನಾನೇ. ಅಣ್ಣನ ಮುಖ ಈಗಲೂ ಕಣ್ಣ ಮುಂದೆ ಇದೆ. ಅಂಥ ಪಾಲು ಇಬ್ಬರ ಹತ್ತಿರ, ಅದೂ ಇಬ್ಬರಿಗೂ ಬೇರೆ ಬೇರೆ ಲೆಕ್ಕಾಚಾರ ಇದ್ದಾಗ ಏನಾಗುತ್ತೆ ಅಂತ ಊಹಿಸಿ.


ಕುರ್ಸ್ಕ್_ಡಾಕ್ಟರ್ (ಬೆಳಿಗ್ಗೆ 10.40)

ಅಯ್ಯೋ, ಬೀಲೈನ್! ನಾನು ಎಂಬಿಬಿಎಸ್ ಓದಿದ್ದು ಕುರ್ಸ್ಕ್‌ನಲ್ಲಿ. 2012ರ ಸೆಪ್ಟೆಂಬರಿನಲ್ಲಿ ಇಳಿದ ಮಾರನೇ ದಿನ ಸೀನಿಯರ್ ಒಬ್ಬರು ಸಿಮ್ ಕೊಡಿಸಲು ಕರೆದುಕೊಂಡು ಹೋದರು. ಹಳದಿ ಕಪ್ಪು ಪಟ್ಟೆಯ ಸಣ್ಣ ಅಂಗಡಿ. ಪಾಸ್‌ಪೋರ್ಟ್ ಕೊಟ್ಟರೆ ಆ ಹುಡುಗಿ ನನ್ನ ಹೆಸರನ್ನು ರಷ್ಯನ್ ಅಕ್ಷರದಲ್ಲಿ ಬರೆಯಲು ಹತ್ತು ನಿಮಿಷ ತಗೊಂಡಳು. ನಮ್ಮ ಊರಿನ ಹೆಸರು ನನ್ನ ಹೆಸರಿನ ಹಿಂದೆ ಇದೆ, ಅದೇ ಅವಳಿಗೆ ಕಷ್ಟ ಆದದ್ದು. ಆಮೇಲೆ ನಾನು ರಷ್ಯಾದಲ್ಲಿ ಕಲಿತ ಮೊದಲ ವಿದ್ಯೆ *102# ಒತ್ತಿ ಬ್ಯಾಲೆನ್ಸ್ ನೋಡೋದು.

ಒಂದು ವಿಷಯ ಗೊತ್ತಾ? ಆಗ ಅಲ್ಲಿ ಒಂದೇ ಕಂಪನಿಯ ಸಿಮ್ ಇದ್ದರೂ, ಒಂದೇ ದೇಶದೊಳಗೆ ಬೇರೆ ಪ್ರಾಂತ್ಯಕ್ಕೆ ಹೋದರೆ ರೋಮಿಂಗ್. ಎಲ್ಲಾ ಕಂಪನಿಗಳದ್ದೂ ಹಾಗೇ. ರಾತ್ರಿ ರೈಲು ಹತ್ತಿ ಮಾಸ್ಕೋಗೆ ಹೋಗಿ ಇಳಿಯುವಷ್ಟರಲ್ಲಿ ದರ ಏರಿರುತ್ತಿತ್ತು. ನಾನು ಓದು ಮುಗಿಸುವ ಹೊತ್ತಿಗೆ, 2018ರಲ್ಲಿ, ಸರ್ಕಾರದ ಒತ್ತಡಕ್ಕೆ ಅದನ್ನು ತೆಗೆದರು.

ಆದರೆ ಈ ಜಿಮಿನ್ ಹೆಸರು ಅಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಸಂಜೆಯ ಭಾಗ ಬೇಗ ಹಾಕಿ ಸರ್.


ಸಿಗ್ನಲ್_ಭಟ್ (ಸಂಜೆ 5.30)

ಕೊಡಚಾದ್ರಿ ಮೇಡಂ, ನಿಮ್ಮ ಅಡಿಕೆ ಕಂಪನಿಯ ಕಥೆಯೇ ಇಲ್ಲಿ ಸಾವಿರ ಪಟ್ಟು ದೊಡ್ಡದಾಗಿ ನಡೆಯಿತು.

ಮೊದಲ ಕೆಲವು ವರ್ಷ ಎಲ್ಲಾ ಚೆನ್ನಾಗೇ ಇತ್ತು. ಪ್ರೀಪೇಯ್ಡ್ ಬಂತು, ಮಾಸ್ಕೋದ ಹೊರಗಿನ ಪ್ರಾಂತ್ಯಗಳಿಗೆ ಜಾಲ ಹರಡಿತು. 2003ರ ಕೊನೆಗೆ ಗಿರಾಕಿಗಳು 1 ಕೋಟಿ ದಾಟಿದರು. ಅದೇ ವರ್ಷ ಮುಖ್ಯಸ್ಥರಾಗಿ ಬಂದ ಅಲೆಕ್ಸಾಂದರ್ ಇಜೋಸಿಮೋವ್ ಅದಕ್ಕೆ ಮುಂಚೆ ಚಾಕೊಲೇಟ್ ಮಾರುವ ಕಂಪನಿಯಲ್ಲಿದ್ದವರು. ಅಂಗಡಿಯಲ್ಲಿ ನಿಂತ ಗಿರಾಕಿಯ ಕಣ್ಣು ಎಲ್ಲಿ ಹೋಗುತ್ತೆ ಅಂತ ಅವರಿಗೆ ಗೊತ್ತಿತ್ತು. ಡಾಕ್ಟ್ರೇ, ನೀವು ನೋಡಿದ ಆ ಹಳದಿ ಕಪ್ಪು ಪಟ್ಟೆ ಬಂದದ್ದು ಅವರ ಕಾಲದಲ್ಲಿ, 2005ರಲ್ಲಿ. ಹುಳದ ಚಿತ್ರ ಹೋಯಿತು, ಅದರ ಮೈಮೇಲಿನ ಪಟ್ಟೆ ಮಾತ್ರ ಉಳಿಯಿತು.

ಹೊಗೆ ಎದ್ದದ್ದು ಉಕ್ರೇನ್ ಕಡೆಯಿಂದ. ಅಲ್ಲಿ ಕೀವ್‌ಸ್ಟಾರ್ ಅಂತ ದೊಡ್ಡ ಮೊಬೈಲ್ ಕಂಪನಿ. ಅದರಲ್ಲೂ ಇದೇ ಇಬ್ಬರು ಪಾಲುದಾರರು! ಟೆಲಿನಾರ್‌ಗೆ ಅರ್ಧಕ್ಕಿಂತ ಜಾಸ್ತಿ, ಉಳಿದದ್ದು ಆಲ್ಫಾಗೆ. ರಷ್ಯಾದಲ್ಲಿ ಆಲ್ಫಾ ಮೇಲುಗೈ, ಉಕ್ರೇನಿನಲ್ಲಿ ಟೆಲಿನಾರ್ ಮೇಲುಗೈ. ಆಲ್ಫಾ ಹೇಳಿದ್ದು: ವಿಂಪೆಲ್‌ಕಾಮ್ ಕೂಡ ಉಕ್ರೇನಿಗೆ ಹೋಗಲಿ, ಯುಆರ್‌ಎಸ್ ಅನ್ನುವ ಸಣ್ಣ ಕಂಪನಿಯನ್ನು ಕೊಳ್ಳೋಣ. ಬೆಲೆ 23 ಕೋಟಿ ಡಾಲರ್ ಚಿಲ್ಲರೆ. ಟೆಲಿನಾರ್ ಬೇಡ ಅಂದಿತು. ಅಷ್ಟು ಬೆಲೆಗೆ ಅದು ಬಾಳಲ್ಲ ಅಂತ ವಾದ. ನಿರ್ದೇಶಕರು ಒಂಬತ್ತು ಜನ. ಇಂಥ ಖರೀದಿಗೆ ಎಂಟು ಜನ ಒಪ್ಪಬೇಕು. ಟೆಲಿನಾರ್ ಕಡೆಯವರು ಕೈ ಎತ್ತಲಿಲ್ಲ. ಆಲ್ಫಾ ಸುಮ್ಮನಾಗಲಿಲ್ಲ. ವಿಷಯವನ್ನು ಷೇರುದಾರರ ಸಭೆಗೇ ತಂದು, ಅಲ್ಲಿ ಬಹುಮತ ಮಾಡಿಸಿ, 2005ರ ನವೆಂಬರಿನಲ್ಲಿ ಕೊಂಡೇ ಬಿಟ್ಟಿತು.

ಆಮೇಲೆ ಕೋರ್ಟು. ನ್ಯೂಯಾರ್ಕಿನಲ್ಲಿ, ಕೀವ್‌ನಲ್ಲಿ, ಮಾಸ್ಕೋದಲ್ಲಿ. ಆದರೆ ನಾನು ಎರಡೆರಡು ಸಲ ಓದಿದ್ದು ಸೈಬೀರಿಯಾದ ಕೇಸ್. ಫಾರಿಮೆಕ್ಸ್ ಅಂತ ಒಂದು ಕಂಪನಿ, ಬ್ರಿಟಿಷ್ ವರ್ಜಿನ್ ದ್ವೀಪದಲ್ಲಿ ನೋಂದಣಿ. ಅದರ ಹತ್ತಿರ ಇದ್ದದ್ದು ವಿಂಪೆಲ್‌ಕಾಮ್‌ನ ಸುಮಾರು 0.002 ಪರ್ಸೆಂಟ್ ಪಾಲು. ಅಂದರೆ ಲಕ್ಷ ಷೇರಿದ್ದರೆ ಎರಡು. ಅದು 2008ರಲ್ಲಿ ಎಣ್ಣೆ ಬಾವಿಗಳ ಊರಾದ ಖಾಂತಿ-ಮನ್ಸಿಸ್ಕ್‌ನಲ್ಲಿ ಕೇಸ್ ಹಾಕಿತು. ಟೆಲಿನಾರ್ ಅಡ್ಡಗಾಲು ಹಾಕಿದ್ದರಿಂದ ಉಕ್ರೇನಿಗೆ ಹೋಗಲು ತಡವಾಯಿತು, ಕಂಪನಿಗೆ ನಷ್ಟ ಆಯಿತು, ಅದನ್ನು ಕಟ್ಟಿಕೊಡಿ ಅಂತ. ಕೋರ್ಟು 280 ಕೋಟಿ ಡಾಲರ್ ಕಟ್ಟಲು ಹೇಳಿತು. ಮೇಲ್ಮನವಿ ಆಗಿ, ಮತ್ತೆ ವಿಚಾರಣೆ ಆಗಿ, 2009ರಲ್ಲಿ ಓಮ್ಸ್ಕ್‌ನ ಕೋರ್ಟು ಅದನ್ನು 170 ಕೋಟಿಗೆ ಇಳಿಸಿತು. ಟೆಲಿನಾರ್‌ನ ಷೇರುಗಳನ್ನು ಜಪ್ತಿ ಮಾಡಿದರು. ಹರಾಜಿಗೆ ಹಾಕುವ ಮಾತೂ ಬಂತು. ಫಾರಿಮೆಕ್ಸ್ ಆಲ್ಫಾದ ಮುಖವಾಡ ಅಂತ ಟೆಲಿನಾರ್ ಹೇಳಿತು. ಆಲ್ಫಾ ಅಲ್ಲ ಅಂದಿತು.

ಒಂದು ಬೋರ್ಡಿನಲ್ಲಿ "ಬೇಡ" ಅಂತ ಮತ ಹಾಕಿದ್ದಕ್ಕೆ ಇಷ್ಟು ದೊಡ್ಡ ದಂಡ! ಓದಿದಾಗ ನನಗೆ ನಿಜವಾಗಿ ಸಿಟ್ಟು ಬಂತು.


ಓದುಗ_72 (ಸಂಜೆ 7.05)

ಭಟ್ರೇ, ಒಂದು ತಕರಾರು. ನೀವು ಟೆಲಿನಾರನ್ನು ಪಾಪದ ಪಾಲುದಾರ ಅಂತ ತೋರಿಸುತ್ತಿದ್ದೀರಿ. ಉಕ್ರೇನ್ ಅಷ್ಟು ದೊಡ್ಡ ಮಾರುಕಟ್ಟೆ. ಪಕ್ಕದ ದೇಶ, ಎಂಟಿಎಸ್ ಆಗಲೇ ಅಲ್ಲಿಗೆ ಹೋಗಿತ್ತು. ವಿಂಪೆಲ್‌ಕಾಮ್‌ನ ಸಣ್ಣ ಷೇರುದಾರರ ದೃಷ್ಟಿಯಿಂದ ನೋಡಿ. ಅವರಿಗೆ ಕಂಪನಿ ಅಲ್ಲಿಗೆ ಹೋಗೋದೇ ಲಾಭ. ಟೆಲಿನಾರ್ ತಡೆದದ್ದು ಯಾಕೆ? ತನ್ನ ಕೀವ್‌ಸ್ಟಾರ್‌ಗೆ ಪೈಪೋಟಿ ಬರುತ್ತೆ ಅಂತ. ಒಂದೇ ಮನುಷ್ಯ ಎರಡು ಅಂಗಡಿಯಲ್ಲಿ ಪಾಲು ಇಟ್ಟುಕೊಂಡು, ಒಂದನ್ನು ಇನ್ನೊಂದರ ಬೀದಿಗೆ ಬರದ ಹಾಗೆ ನೋಡಿಕೊಂಡರೆ ಅದು ಸರಿಯಾ?


ಕೊಡಚಾದ್ರಿ_ಸಿಎಸ್ (ಸಂಜೆ 7.20)

ಓದುಗ_72 ಹೇಳೋದರಲ್ಲಿ ಹುರುಳಿದೆ. ಆದರೆ ಆಲ್ಫಾ ಕೂಡ ಅದನ್ನೇ ಮಾಡಿತ್ತು ಅಲ್ವಾ? 2003ರಲ್ಲಿ ಅದು ಮೆಗಾಫೋನ್‌ನಲ್ಲೂ ಕಾಲು ಭಾಗ ಕೊಂಡಿತು. ವಿಂಪೆಲ್‌ಕಾಮ್‌ನ ನೇರ ಎದುರಾಳಿಯಲ್ಲಿ! ಆ ಪಾಲು ನಿಜವಾಗಿ ಯಾರದ್ದು ಅನ್ನೋದಕ್ಕೇ ವರ್ಷಗಟ್ಟಲೆ ಬೇರೆ ವ್ಯಾಜ್ಯ ನಡೆಯಿತು. ಇಬ್ಬರೂ ಎರಡೆರಡು ದೋಣಿಯಲ್ಲಿ ಕಾಲಿಟ್ಟವರೇ. ನಷ್ಟ ಆದದ್ದು ದೋಣಿಗೆ.


ಸಿಗ್ನಲ್_ಭಟ್ (ಸಂಜೆ 7.50)

ಒಪ್ಪಿದೆ. ಟೆಲಿನಾರ್ ಮತದ ಹಿಂದೆ ಕೀವ್‌ಸ್ಟಾರ್ ಲೆಕ್ಕ ಇತ್ತು ಅನ್ನೋದನ್ನು ನಾನು ಮೊದಲೇ ಬರೆಯಬೇಕಿತ್ತು. ಆದರೆ ನನ್ನ ಸಿಟ್ಟು ಹಾಗೇ ಇದೆ. ತಪ್ಪು ಮಾಡಿದ ಪಾಲುದಾರನನ್ನು ಮಧ್ಯಸ್ಥಿಕೆಗೆ ಎಳೆಯಬಹುದು. ಎರಡು ಷೇರಿನವನಿಂದ ದೂರದ ಊರಲ್ಲಿ ಕೇಸ್ ಹಾಕಿಸಿ ಪಾಲುದಾರನ ಆಸ್ತಿಯನ್ನೇ ಜಪ್ತಿ ಮಾಡುವಂಥದ್ದು ನಡೆದರೆ, ಮುಂದೆ ಯಾವ ಹೊರಗಿನವನು ನಂಬಿ ದುಡ್ಡು ಹಾಕುತ್ತಾನೆ? 1998ರಲ್ಲಿ ಎಲ್ಲರೂ ಓಡುತ್ತಿದ್ದಾಗ ಒಳಗೆ ಬಂದವರು ಇವರು.

ಕೊನೆಗೆ 2009ರ ಅಕ್ಟೋಬರಿನಲ್ಲಿ ಇಬ್ಬರೂ ರಾಜಿಯಾದರು. ಹೇಗೆ ಅಂದರೆ, ಜಗಳದ ಎರಡೂ ಕಂಪನಿಯನ್ನು ಒಂದೇ ಬುಟ್ಟಿಗೆ ಹಾಕಿದರು. ವಿಂಪೆಲ್‌ಕಾಮ್, ಕೀವ್‌ಸ್ಟಾರ್ ಎರಡೂ ಸೇರಿ 2010ರಲ್ಲಿ ವಿಂಪೆಲ್‌ಕಾಮ್ ಲಿಮಿಟೆಡ್ ಆಯಿತು. ನೋಂದಣಿ ಬರ್ಮುಡಾದಲ್ಲಿ, ಕಚೇರಿ ಆಮ್ಸ್ಟರ್‌ಡ್ಯಾಮ್‌ನಲ್ಲಿ. ಕೇಸ್‌ಗಳನ್ನು ಕೈಬಿಟ್ಟರು.


ಗಿರ್ಮಿಟ್_ಗೌಡ (ರಾತ್ರಿ 8.30)

ಎಲ್ಲರೂ ಬೀಲೈನ್ ಅಂತೀರಿ, ನಮ್ಮ ಎಂಟಿಎಸ್ ಕಥೆ ಯಾರು ಹೇಳ್ತೀರಿ? ಬೆಂಗಳೂರಿನಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದಾಗ ನನ್ನ ಹತ್ತಿರ ಎಂಟಿಎಸ್ ಡಾಂಗಲ್ ಇತ್ತು. ಕೆಂಪು ಚೌಕದಲ್ಲಿ ಬಿಳಿ ಮೊಟ್ಟೆ. ಕಿಟಕಿ ಹತ್ತಿರ ಯುಎಸ್‌ಬಿ ವಯರ್ ಉದ್ದ ಮಾಡಿ ನೇತುಹಾಕಿದರೆ ಚೆನ್ನಾಗಿ ಹಿಡಿಯುತ್ತಿತ್ತು. ಮೊದಲ ಕೆಲಸಕ್ಕೆ ಅರ್ಜಿ ಹಾಕಿದ್ದು ಅದರಲ್ಲೇ. ಅದು ರಷ್ಯಾದ್ದು ಅಂತ ನನಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ.


ಸಿಗ್ನಲ್_ಭಟ್ (ರಾತ್ರಿ 9.10)

ಗೌಡ್ರೇ, ಹೌದು, ಅದೇ ಮೊಟ್ಟೆ. ರಷ್ಯಾದಲ್ಲಿ ಆ ಲೋಗೋ ಬಂದದ್ದು 2006ರಲ್ಲಿ. ಎಂಟಿಎಸ್‌ನ ಒಡೆತನ ಬೀಲೈನ್‌ನಷ್ಟು ಗೋಜಲು ಅಲ್ಲ. ವ್ಲಾದಿಮಿರ್ ಯೆವ್ತುಶೆಂಕೋವ್ ಕಟ್ಟಿದ ಸಿಸ್ಟೆಮಾ ಗುಂಪು 1990ರ ದಶಕದಲ್ಲಿ ರಷ್ಯನ್ ಪಾಲುಗಳನ್ನು ಕೊಂಡಿತು. ಜರ್ಮನ್ನರು ಮೆಲ್ಲಗೆ ಮಾರಿ 2005ಕ್ಕೆ ಹೊರಬಂದರು. ಮನೆಗೆ ಒಬ್ಬನೇ ಯಜಮಾನ.

ನಮ್ಮ ದೇಶಕ್ಕೆ ಬಂದದ್ದು ಸಿಸ್ಟೆಮಾ. ರಾಜಸ್ಥಾನದ ಶ್ಯಾಮ್ ಗುಂಪಿನ ಕಂಪನಿಯಲ್ಲಿ ಪಾಲು ಕೊಂಡು, ಎಂಟಿಎಸ್ ಹೆಸರಲ್ಲಿ ಸೇವೆ ಕೊಟ್ಟಿತು. ಆಮೇಲೆ ರಷ್ಯಾ ಸರ್ಕಾರವೇ ಅದರಲ್ಲಿ ಸುಮಾರು 17 ಪರ್ಸೆಂಟ್ ಪಾಲು ತಗೊಂಡಿತು. 2012ರ ಫೆಬ್ರವರಿ 2ರಂದು ಸುಪ್ರೀಂ ಕೋರ್ಟ್ 122 2ಜಿ ಲೈಸೆನ್ಸ್ ರದ್ದು ಮಾಡಿತಲ್ಲ, ಅದರಲ್ಲಿ ಇವರದ್ದು 21. ಉಳಿದದ್ದು ರಾಜಸ್ಥಾನ ಒಂದೇ. 2013ರ ಹರಾಜಿನಲ್ಲಿ ಎಂಟು ಟೆಲಿಕಾಂ ವೃತ್ತಗಳಿಗೆ ಮತ್ತೆ ಸ್ಪೆಕ್ಟ್ರಮ್ ಕೊಂಡರು. ಕರ್ನಾಟಕ ಅದರಲ್ಲಿ ಇತ್ತು, ಹಾಗಾಗಿ ನಿಮ್ಮ ಡಾಂಗಲ್ ಬದುಕಿತು. 2017ರಲ್ಲಿ ಆ ವ್ಯವಹಾರ ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆ ಸೇರಿಹೋಯಿತು.

ಇನ್ನೊಂದು ವಿಷಯ. ಅದೇ ತೀರ್ಪಿನಲ್ಲಿ ಯುನಿನಾರ್ ಲೈಸೆನ್ಸ್‌ಗಳೂ ಹೋದವು, ನೆನಪಿದೆಯಾ? ಯುನಿನಾರ್ ಹಿಂದೆ ಇದ್ದದ್ದು ಇದೇ ಟೆಲಿನಾರ್. ರಷ್ಯಾದ ಮಾರುಕಟ್ಟೆಯಲ್ಲಿ ಎದುರು ಬದುರು ಕೂತಿದ್ದ ಇಬ್ಬರು ಮಾಲೀಕರಿಗೆ ದೆಹಲಿಯಲ್ಲಿ ಒಂದೇ ದಿನ ಒಂದೇ ಏಟು. ಯುನಿನಾರ್ ಆಮೇಲೆ ಕರ್ನಾಟಕಕ್ಕೆ ಮರಳಿ ಬರಲೇ ಇಲ್ಲ.


ಢಾಕಾ_ಡೈರಿ (ರಾತ್ರಿ 10.05)

ನಾನು ಉಪಕರಣ ಪೂರೈಸುವ ಕಂಪನಿಯ ಕಡೆಯಿಂದ ಢಾಕಾದಲ್ಲಿ ಎರಡು ವರ್ಷ ಇದ್ದೆ. ಬಾಂಗ್ಲಾಲಿಂಕ್ ಟವರ್ ಕೆಲಸ. ಅದೂ ಇದೇ ಮನೆತನಕ್ಕೆ ಸೇರಿದ್ದು. 2011ರಲ್ಲಿ ಈಜಿಪ್ಟಿನ ನಗೀಬ್ ಸಾವಿರಿಸ್ ಅವರ ವಿಂಡ್ ಟೆಲಿಕಾಮ್ ಅನ್ನು ವಿಂಪೆಲ್‌ಕಾಮ್ ಕೊಂಡಿತು. ಇಟಲಿಯ ವಿಂಡ್, ಅಲ್ಜೀರಿಯಾದ ಜೆಜ್ಜಿ, ಪಾಕಿಸ್ತಾನದ ಮೊಬಿಲಿಂಕ್, ಬಾಂಗ್ಲಾಲಿಂಕ್ ಎಲ್ಲಾ ಒಟ್ಟಿಗೆ ಬಂದವು. ಗಿರಾಕಿಗಳ ಲೆಕ್ಕದಲ್ಲಿ ಜಗತ್ತಿನ ಆರನೇ ದೊಡ್ಡ ಕಂಪನಿ. ಜೊತೆಗೆ ಇಟಲಿಯ ದೊಡ್ಡ ಸಾಲವೂ ಬಂತು.

ಆಗಲೂ ಟೆಲಿನಾರ್ ಬೇಡ ಅಂದಿತ್ತು. ಷೇರುದಾರರ ಮತದಲ್ಲಿ 53 ಪರ್ಸೆಂಟ್ ಚಿಲ್ಲರೆ ಖರೀದಿಯ ಪರವಾಗಿ ಬಿತ್ತು, ಮುಗಿಯಿತು. ಟವರ್ ಮೇಲೆ ಹತ್ತುವ ನಮ್ಮ ಹುಡುಗರಿಗೆ ಇದ್ಯಾವುದೂ ಗೊತ್ತಿಲ್ಲ. ಮಳೆಗಾಲದಲ್ಲಿ ದೋಣಿಯಲ್ಲಿ ಡೀಸೆಲ್ ಕ್ಯಾನ್ ಇಟ್ಟುಕೊಂಡು ಜನರೇಟರಿಗೆ ಹಾಕಿ ಬರುತ್ತಿದ್ದರು. ಆ ಡೀಸೆಲ್ ದುಡ್ಡಿನ ಮಂಜೂರಾತಿ ಯಾವ ದೇಶದಿಂದ ಬರುತ್ತೆ ಅಂತ ಅವರು ಯಾಕೆ ಕೇಳ್ತಾರೆ?


ಓದುಗ_72 (ಸೋಮವಾರ, ಬೆಳಿಗ್ಗೆ 7.30)

ಉಜ್ಬೇಕಿಸ್ತಾನದ ಲಂಚದ ವಿಷಯ ಯಾರೂ ಎತ್ತಲಿಲ್ಲ. ಅದನ್ನು ಬಿಟ್ಟರೆ ಕಥೆ ಪೂರ್ತಿ ಆಗಲ್ಲ.


ಸಿಗ್ನಲ್_ಭಟ್ (ಬೆಳಿಗ್ಗೆ 9.00)

ಸರಿಯಾಗಿ ನೆನಪಿಸಿದಿರಿ. ಬರೆಯಲು ಮನಸ್ಸು ಬಾರದೆ ಮುಂದೂಡುತ್ತಿದ್ದೆ.

ವಿಂಪೆಲ್‌ಕಾಮ್ ಉಜ್ಬೇಕಿಸ್ತಾನಕ್ಕೆ ಹೋದದ್ದು 2006ರಲ್ಲಿ. ಅಲ್ಲಿ ಲೈಸೆನ್ಸ್, ತರಂಗಾಂತರ ಬೇಕು ಅಂದರೆ ಆಗಿನ ಅಧ್ಯಕ್ಷರ ಮಗಳು ಗುಲ್ನಾರಾ ಕರಿಮೋವಾ ಅವರನ್ನು ದಾಟಿಯೇ ಹೋಗಬೇಕಿತ್ತು. ಜಿಬ್ರಾಲ್ಟರ್‌ನಲ್ಲಿ ನೋಂದಾಯಿಸಿದ ತಾಕಿಲಾಂಟ್ ಅನ್ನುವ ಹೆಸರಿಗಷ್ಟೇ ಇದ್ದ ಕಂಪನಿಯ ಮೂಲಕ 11 ಕೋಟಿ ಡಾಲರಿಗೂ ಜಾಸ್ತಿ ಲಂಚ ಹರಿಯಿತು. ಕಾಗದದಲ್ಲಿ ಅದು ಸಲಹೆಯ ಶುಲ್ಕ. ನ್ಯೂಯಾರ್ಕಿನಲ್ಲಿ ಷೇರು ಇದ್ದದ್ದರಿಂದ ಅಮೆರಿಕದ ಕಾನೂನು ಹಿಡಿಯಿತು. 2016ರ ಫೆಬ್ರವರಿಯಲ್ಲಿ ಕಂಪನಿ ತಪ್ಪೊಪ್ಪಿಕೊಂಡು ಅಮೆರಿಕ, ನೆದರ್‌ಲ್ಯಾಂಡ್ಸ್ ಎರಡಕ್ಕೂ ಸೇರಿ 79.5 ಕೋಟಿ ಡಾಲರ್ ಕಟ್ಟಿತು.

ಇವರೊಬ್ಬರೇ ಅಲ್ಲ. ಮೆಗಾಫೋನ್‌ನಲ್ಲಿ ಪಾಲಿದ್ದ ಸ್ವೀಡನ್ನಿನ ಟೆಲಿಯಾ 2017ರಲ್ಲಿ 96.5 ಕೋಟಿ ಡಾಲರಿಗೆ, ಎಂಟಿಎಸ್ 2019ರಲ್ಲಿ 85 ಕೋಟಿ ಡಾಲರಿಗೆ ಇದೇ ದೇಶದ, ಇದೇ ಥರದ ಲಂಚಕ್ಕೆ ಇತ್ಯರ್ಥ ಮಾಡಿಕೊಂಡವು. ಯಜಮಾನ ಒಬ್ಬನೇ ಇರಲಿ, ಇಬ್ಬರು ಕಚ್ಚಾಡುತ್ತಿರಲಿ, ಯುರೋಪಿನ ಮರ್ಯಾದಸ್ಥ ಕಂಪನಿಯೇ ಇರಲಿ, ಆ ಬಾಗಿಲಲ್ಲಿ ಮೂವರೂ ಬಗ್ಗಿದರು.

ಒಂದು ಸಣ್ಣ ಕಂಪನಿ ಕೊಳ್ಳಲು ಎಂಟು ಕೈ ಬೇಕು ಅಂತ ವರ್ಷಗಟ್ಟಲೆ ಕಾದಾಡಿದರಲ್ಲ. ಇಷ್ಟು ದುಡ್ಡು ಹೊರಗೆ ಹೋಗುವಾಗ ಒಂದು ಕೈಯಾದರೂ ತಡೆಯಲಿಲ್ಲವಲ್ಲ ಅನ್ನೋದು ನನಗೆ ನೋವು. ಬೋರ್ಡಿನಲ್ಲಿ ಇಬ್ಬರೂ ಒಬ್ಬರ ಮೇಲೆ ಒಬ್ಬರು ಕಣ್ಣಿಟ್ಟಿದ್ದರು. ಕಂಪನಿಯ ಮೇಲೆ ಯಾರ ಕಣ್ಣೂ ಇರಲಿಲ್ಲ.

ಟೆಲಿನಾರ್ 2015ರಲ್ಲೇ ಹೊರಬರುತ್ತೇನೆ ಅಂದಿತ್ತು. ಪೂರ್ತಿ ಮಾರಿ ಮುಗಿಸಿದ್ದು 2019ರಲ್ಲಿ. 2017ರಲ್ಲಿ ಮೇಲಿನ ಕಂಪನಿಯ ಹೆಸರು ವಿಯಾನ್ ಅಂತ ಆಯಿತು.


ಕುರ್ಸ್ಕ್_ಡಾಕ್ಟರ್ (ಮಧ್ಯಾಹ್ನ 1.20)

ಯುದ್ಧ ಶುರುವಾದ ಮೇಲೆ ಏನಾಯಿತು ಸರ್? ಒಂದೇ ಕಂಪನಿ ರಷ್ಯಾದಲ್ಲೂ ಇತ್ತು, ಉಕ್ರೇನಿನಲ್ಲೂ ಇತ್ತು ಅಂದಿರಿ. ನನ್ನ ಜೊತೆ ಓದಿದವಳೊಬ್ಬಳು ಖಾರ್ಕೀವ್ ಕಡೆಯವಳು. ಅವಳ ಅಪ್ಪ ಅಮ್ಮನ ಹತ್ತಿರ ಕೀವ್‌ಸ್ಟಾರ್ ನಂಬರು. ನನ್ನ ಹತ್ತಿರ ಬೀಲೈನ್. ಎರಡೂ ಒಂದೇ ಮನೆಯದ್ದು ಅಂತ ಈಗ ಗೊತ್ತಾಗಿ ಒಂಥರಾ ಆಗುತ್ತಿದೆ.


ಸಿಗ್ನಲ್_ಭಟ್ (ಮಧ್ಯಾಹ್ನ 3.45)

ಡಾಕ್ಟ್ರೇ, 2022ರ ಫೆಬ್ರವರಿ ನಂತರ ಆ ಮನೆ ನಿಲ್ಲುವ ಹಾಗೇ ಇರಲಿಲ್ಲ. ಫ್ರಿದ್‌ಮನ್ ಮೇಲೆ ಯುರೋಪ್ ನಿರ್ಬಂಧ ಹಾಕಿತು. ಅವರು ವಿಯಾನ್ ಬೋರ್ಡಿನಿಂದ ಇಳಿದರು. ನವೆಂಬರಿನಲ್ಲಿ ವಿಯಾನ್ ತನ್ನ ರಷ್ಯಾದ ಕಂಪನಿಯನ್ನು ಮಾರುವುದಾಗಿ ಹೇಳಿತು. ಕೊಂಡವರು ಅದೇ ಕಂಪನಿಯನ್ನು ನಡೆಸುತ್ತಿದ್ದ ಹಿರಿಯ ಅಧಿಕಾರಿಗಳು, ಮುಖ್ಯಸ್ಥ ಅಲೆಕ್ಸಾಂದರ್ ತೊರ್ಬಾಖೋವ್ ಅವರ ಮುಂದಾಳ್ತನದಲ್ಲಿ. ಬೆಲೆ 13,000 ಕೋಟಿ ರೂಬಲ್. ಅದರಲ್ಲಿ ಹೆಚ್ಚಿನ ಭಾಗ ಕೈಗೆ ಬಂದ ದುಡ್ಡಲ್ಲ, ವಿಯಾನ್‌ನ ಸಾಲಪತ್ರಗಳನ್ನು ಆ ಕಡೆ ವಹಿಸಿಕೊಂಡದ್ದು. ವ್ಯವಹಾರ ಮುಗಿದದ್ದು 2023ರ ಅಕ್ಟೋಬರ್ 9ರಂದು.

ಅದಾಗಿ ಎರಡು ತಿಂಗಳಿಗೆ, ಡಿಸೆಂಬರ್ 12ರಂದು, ಕೀವ್‌ಸ್ಟಾರ್ ಮೇಲೆ ಸೈಬರ್ ದಾಳಿ ಆಯಿತು. ಸುಮಾರು 2.4 ಕೋಟಿ ಗಿರಾಕಿಗಳ ಫೋನು ಸತ್ತುಹೋಯಿತು. ಒಳಗಿನ ಸರ್ವರುಗಳನ್ನೇ ಅಳಿಸಿ ಹಾಕಿದ್ದರು. ಎಕ್ಸ್‌ಚೇಂಜಿನಲ್ಲಿ ರಾತ್ರಿ ಪಾಳಿ ಮಾಡಿದ ನನಗೆ ಅದನ್ನು ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು. ಒಂದು ಊರಿನ ಲೈನು ಕಟ್ಟಾದರೇ ನಮಗೆ ನಿದ್ದೆ ಬರುತ್ತಿರಲಿಲ್ಲ. ಅವರು ಕೆಲವೇ ದಿನದಲ್ಲಿ ಜಾಲವನ್ನು ಮತ್ತೆ ಎತ್ತಿ ನಿಲ್ಲಿಸಿದರು. 2025ರ ಆಗಸ್ಟಿನಲ್ಲಿ ಕೀವ್‌ಸ್ಟಾರ್ ಷೇರು ಅಮೆರಿಕದ ನ್ಯಾಸ್ಡ್ಯಾಕ್‌ಗೆ ಬಂತು. 1996ರಲ್ಲಿ ಮಾಸ್ಕೋದ ಕಂಪನಿ ನ್ಯೂಯಾರ್ಕಿಗೆ ಹೋಗಿತ್ತು, ಈ ಸಲ ಕೀವ್‌ನದ್ದು ಹೋಯಿತು.


ಕೊಡಚಾದ್ರಿ_ಸಿಎಸ್ (ಸಂಜೆ 4.30)

ಜಿಮಿನ್ ಏನಾದರು ಭಟ್ರೇ? ಅಧಿಕಾರ ಬಿಟ್ಟ ಮೇಲೆ?


ಸಿಗ್ನಲ್_ಭಟ್ (ಸಂಜೆ 6.10)

ಈ ಪ್ರಶ್ನೆಗೇ ಕಾಯುತ್ತಿದ್ದೆ ಮೇಡಂ.

ಪಾಲು ಮಾರಿ ಬಂದ ಹಣದಲ್ಲಿ 2002ರಲ್ಲಿ ದಿನಾಸ್ತಿಯಾ ಅನ್ನುವ ನಿಧಿ ಶುರು ಮಾಡಿದರು. ಯುವ ಭೌತವಿಜ್ಞಾನಿಗಳಿಗೆ, ಗಣಿತದವರಿಗೆ, ಶಾಲೆಯ ಮೇಷ್ಟ್ರುಗಳಿಗೆ ಸಹಾಯಧನ ಕೊಟ್ಟರು. ಸಾಮಾನ್ಯರಿಗೆ ಅರ್ಥವಾಗುವ ವಿಜ್ಞಾನದ ಪುಸ್ತಕಗಳನ್ನು ಅಚ್ಚು ಹಾಕಿಸಿದರು. ಅಂಥ ಪುಸ್ತಕ ಬರೆದವರಿಗೆ 2008ರಿಂದ ಪ್ರಶಸ್ತಿ. ಕೆಲಸ ಇಲ್ಲದೆ ದೇಶ ಬಿಟ್ಟು ಹೋದ ವಿಜ್ಞಾನಿಗಳನ್ನು ಕಣ್ಣಾರೆ ಕಂಡವರು ಅವರು. 2015ರಲ್ಲಿ ಸರ್ಕಾರ ಆ ನಿಧಿಗೆ 'ವಿದೇಶಿ ಏಜೆಂಟ್' ಅಂತ ಪಟ್ಟ ಕಟ್ಟಿತು. ಅವರದ್ದೇ ಹಣ, ಆದರೆ ವಿದೇಶದ ಖಾತೆಯಿಂದ ಬರುತ್ತಿತ್ತು ಅನ್ನೋದು ಕಾರಣ. ಜಿಮಿನ್ ಆ ಹಣೆಪಟ್ಟಿ ಹೊತ್ತು ನಡೆಸಲು ಒಪ್ಪಲಿಲ್ಲ. ನಿಧಿಯನ್ನು ಮುಚ್ಚಿದರು. 2021ರ ಡಿಸೆಂಬರಿನಲ್ಲಿ ತೀರಿಕೊಂಡರು. 88 ವರ್ಷ.

ಅವರು 2001ರಲ್ಲಿ ಬಿಟ್ಟು ಹೋದದ್ದು ತಪ್ಪಾ ಅಂತ ನಾನು ತುಂಬಾ ಯೋಚಿಸಿದ್ದೇನೆ. ಅವರಿದ್ದಿದ್ದರೆ ಖಾಂತಿ-ಮನ್ಸಿಸ್ಕ್ ಕೇಸ್ ಆಗುತ್ತಿರಲಿಲ್ಲ ಅಂತ ಅನ್ನಿಸುತ್ತೆ. ಆದರೆ ಅವರು ಅಲ್ಲೇ ಕೂತಿದ್ದರೆ ಆ ಪುಸ್ತಕಗಳೂ ಬರುತ್ತಿರಲಿಲ್ಲ.


ಓದುಗ_72 (ಸಂಜೆ 6.40)

ಭಟ್ರೇ, ಇದನ್ನು ಓದಿದ ಮೇಲೆ ನನ್ನ ಹಳೇ ತಕರಾರು ಸಣ್ಣದಾಯಿತು. ಮುಂದಿನ ಸಲ ಮೆಗಾಫೋನ್ ಬರೆಯಿರಿ. ಪೀಟರ್ಸ್‌ಬರ್ಗ್‌ನಿಂದ ಶುರು ಮಾಡಿ.


ಕುರ್ಸ್ಕ್_ಡಾಕ್ಟರ್ (ರಾತ್ರಿ 9.50)

ಸರ್, ಮನೆಗೆ ಬಂದು ಹಳೇ ಫೈಲ್ ತೆಗೆದೆ. ಸಿಮ್ ಜೊತೆ ಕೊಟ್ಟ ಕರಾರು ಕಾಗದ ಇನ್ನೂ ಇದೆ. ಮಡಿಸಿದ ಕಡೆ ಹರಿದಿದೆ. ಮೇಲೆ ಪಟ್ಟೆ ಪಟ್ಟೆ ಗುಂಡು, ಕೆಳಗೆ ಸಣ್ಣ ಅಕ್ಷರದಲ್ಲಿ ವಿಂಪೆಲ್‌ಕಾಮ್ ಅಂತ ಇದೆ. 2012ರ ಸೆಪ್ಟೆಂಬರಿನಲ್ಲಿ ನಾನು ಸಹಿ ಹಾಕಿದಾಗ ಇದು ಯಾರದ್ದಾಗಿತ್ತು?


ಸಿಗ್ನಲ್_ಭಟ್ (ರಾತ್ರಿ 10.15)

ಆ ತಿಂಗಳಾ? ನೋಂದಣಿ ಬರ್ಮುಡಾದಲ್ಲಿ, ಕಚೇರಿ ಆಮ್ಸ್ಟರ್‌ಡ್ಯಾಮ್‌ನಲ್ಲಿ. ಟೆಲಿನಾರ್, ಆಲ್ಫಾ ಇಬ್ಬರೂ ಇನ್ನೂ ಷೇರು ಕೊಂಡು ಕೊಂಡು ಒಬ್ಬರನ್ನೊಬ್ಬರು ದಾಟಲು ನೋಡುತ್ತಿದ್ದರು. ಟೆಲಿನಾರ್ ಪಾಲು ಹೆಚ್ಚಿಸಿಕೊಂಡದ್ದಕ್ಕೆ ರಷ್ಯಾದ ಸ್ಪರ್ಧಾ ನಿಯಂತ್ರಣ ಇಲಾಖೆ ಏಪ್ರಿಲ್‌ನಲ್ಲಿ ಕೇಸ್ ಹಾಕಿತ್ತು, ಅದನ್ನು ಹಿಂದೆ ತಗೊಂಡದ್ದು ನವೆಂಬರಿನಲ್ಲಿ. ನೀವು ಸಹಿ ಹಾಕಿದ್ದು ಸರಿಯಾಗಿ ನಡುವೆ. ಆದರೆ ಕಾಗದದ ಕೆಳಗಿನ ಹೆಸರು ಮಾತ್ರ 1992ರಲ್ಲಿ ಜಿಮಿನ್ ಇಟ್ಟದ್ದೇ. ರಷ್ಯಾದೊಳಗಿನ ಕಂಪನಿಗೆ ಇವತ್ತಿಗೂ ಅದೇ ಹೆಸರು.


ಕುರ್ಸ್ಕ್_ಡಾಕ್ಟರ್ (ರಾತ್ರಿ 10.30)

ಸಹಿ ಹಾಕಿ ಹೊರಗೆ ಬಂದು, ಅಂಗಡಿ ಮೆಟ್ಟಿಲ ಮೇಲೆ ನಿಂತು ಅಮ್ಮನಿಗೆ ಫೋನ್ ಮಾಡಿದ್ದೆ. ಎರಡು ನಿಮಿಷಕ್ಕೆ ದುಡ್ಡು ಖಾಲಿ ಆಗಿ ಕಟ್ಟಾಯಿತು. ಊಟ ಮಾಡಿದ್ಯಾ ಅಂತ ಕೇಳೋದಷ್ಟೇ ಕೇಳಿಸಿತ್ತು. ಕಾಗದಕ್ಕೆ ಅಂಟು ಹಾಕಿ ಮತ್ತೆ ಫೈಲಿಗೆ ಸೇರಿಸಿದ್ದೇನೆ.